‘ಬಿಡ್ತು ಅನ್ನು’ ಎನ್ನುವ ಮುನ್ನ: ಕೊನೆಗಾಲದ ಆರೈಕೆ ಮತ್ತು ನಮ್ಮ ಮನೆಗಳು

ಸಾವಿನ ಮಾತು ಎತ್ತಿದರೆ ಸಾಕು, ನಮ್ಮ ಮನೆಗಳಲ್ಲಿ ಹಿರಿಯರು “ಬಿಡ್ತು ಅನ್ನು” ಎಂದು ಬಾಯಿ ಮುಚ್ಚಿಸುತ್ತಾರೆ. ಆದರೆ ಅದೇ ಹಿರಿಯರು ದಿನವೂ ದೇವರ ಮುಂದೆ ಕುಳಿತು ಬೇಡುವುದು ಏನನ್ನು? ನರಳದೆ ಹೋಗಬೇಕು, ಯಾರಿಗೂ ಭಾರವಾಗಬಾರದು, ಕೊನೆಗಾಲದಲ್ಲಿ ದೇವರ ನಾಮ ನಾಲಿಗೆಯ ಮೇಲಿರಬೇಕು ಎಂದೇ. ಅನಾಯಾಸ ಮರಣದ ಬಗ್ಗೆ ದೇವರ ಹತ್ತಿರ ಇಷ್ಟು ಬಿಚ್ಚುಮನಸ್ಸಿನಿಂದ ಮಾತನಾಡುವ ನಾವು ಮಕ್ಕಳ ಹತ್ತಿರ, ಡಾಕ್ಟರ ಹತ್ತಿರ ಮಾತ್ರ ತುಟಿ ಬಿಚ್ಚುವುದಿಲ್ಲ. ಈ ಮೌನದಿಂದ ನಮ್ಮ ಮನೆಗಳಿಗೆ ಆಗುವ ಕಷ್ಟವೇನು, ಅದನ್ನು ತಪ್ಪಿಸುವ ದಾರಿಗಳೇನು ಎಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಈಗೇಕೆ ಈ ಮಾತು?

1965ರ ವಲಸೆ ಕಾನೂನಿನ ನಂತರ ಡಾಕ್ಟರಾಗಿ, ಇಂಜಿನಿಯರಾಗಿ ನ್ಯೂಯಾರ್ಕ್, ನ್ಯೂಜೆರ್ಸಿಗೆ ಬಂದ ಕನ್ನಡಿಗರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. 1977ರಲ್ಲಿ ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಕುಂಭಾಭಿಷೇಕಕ್ಕೆ ಓಡಾಡಿದ ತಲೆಮಾರು ಅದು. ಎರಡನೆಯ ಗುಂಪು, ಮಕ್ಕಳ ಗ್ರೀನ್ ಕಾರ್ಡ್ ಅರ್ಜಿಯ ಮೇಲೆ ಇಳಿವಯಸ್ಸಿನಲ್ಲಿ ಬಂದು ನೆಲೆಸಿದ ತಂದೆತಾಯಿಯರು. ಮೂರನೆಯದು, ಆರು ತಿಂಗಳ ಮಟ್ಟಿಗೆ ಮೊಮ್ಮಕ್ಕಳನ್ನು ನೋಡಲು ಬಂದವರು. ಈ ಮೂರೂ ಗುಂಪಿನ ನಡುವೆ ನಿಂತಿರುವವರು ನಲವತ್ತರ ಪ್ರಾಯದ ನಾವು. ನಮ್ಮಂಥ ಸಾಫ್ಟ್‌ವೇರ್ ಮಂದಿ ಸರ್ವರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಯಾವ ಕ್ರಮದಲ್ಲಿ ಏನು ಮಾಡಬೇಕು ಎಂದು ಹತ್ತು ಪುಟ ಬರೆದಿಟ್ಟಿರುತ್ತೇವೆ. ಅಪ್ಪನಿಗೆ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಒಂದು ಸಾಲೂ ಬರೆದಿಟ್ಟಿರುವುದಿಲ್ಲ!

ಇಲ್ಲಿನ ವ್ಯವಸ್ಥೆಯ ಒಂದು ಸ್ವಭಾವವನ್ನು ಮೊದಲು ತಿಳಿದುಕೊಳ್ಳಬೇಕು. ‘ಬೇಡ’ ಎಂದು ಬರೆದಿಡದಿದ್ದರೆ ಎಲ್ಲವನ್ನೂ ಮಾಡುವುದೇ ಇಲ್ಲಿನ ರೂಢಿ. 911ಕ್ಕೆ ಕರೆ ಹೋದರೆ ಬಂದವರು ಎದೆ ಒತ್ತುತ್ತಾರೆ, ಗಂಟಲಿಗೆ ಕೊಳವೆ ಹಾಕುತ್ತಾರೆ, ಐಸಿಯುಗೆ ಒಯ್ಯುತ್ತಾರೆ. ವಾಸಿಯಾಗುವ ಕಾಯಿಲೆಗೆ ಇದು ಸಂಜೀವಿನಿ. ಆದರೆ ಕ್ಯಾನ್ಸರ್ ಮೈಯೆಲ್ಲ ಹರಡಿರುವ ಎಂಬತ್ತೈದರ ಹಿರಿಯರಿಗೆ ಇದೇ ಉಪಚಾರ ಪಕ್ಕೆಲುಬು ಮುರಿಯುವುದರಲ್ಲಿ, ಕೈಕಟ್ಟಿ ಮಲಗಿಸುವುದರಲ್ಲಿ ಮುಗಿಯಬಹುದು. ಗಂಟಲಲ್ಲಿ ಕೊಳವೆ ಇದ್ದವರಿಗೆ ‘ರಾಮ’ ಎನ್ನಲೂ ಆಗುವುದಿಲ್ಲ, ಮಗಳ ಹೆಸರು ಕರೆಯಲೂ ಆಗುವುದಿಲ್ಲ.

ಪ್ಯಾಲಿಯೇಟಿವ್ ಕೇರ್ ಎಂದರೇನು, ಹಾಸ್ಪಿಸ್ ಎಂದರೇನು?

ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಪ್ಯಾಲಿಯೇಟಿವ್ ಕೇರ್ ಎಂದರೆ ನೋವು, ಉಬ್ಬಸ, ವಾಂತಿ, ಆತಂಕಗಳನ್ನು ಹಿಡಿತದಲ್ಲಿಡುವ ಚಿಕಿತ್ಸೆ. ಇದನ್ನು ಗಂಭೀರ ಕಾಯಿಲೆಯ ಯಾವ ಹಂತದಲ್ಲಾದರೂ, ಕೀಮೋಥೆರಪಿ ಅಥವಾ ಡಯಾಲಿಸಿಸ್ ಜೊತೆಜೊತೆಗೇ ಪಡೆಯಬಹುದು. ಹಾಸ್ಪಿಸ್ ಎಂದರೆ ಕಾಯಿಲೆ ವಾಸಿಮಾಡುವ ಪ್ರಯತ್ನವನ್ನು ಕೈಬಿಟ್ಟು, ಉಳಿದ ದಿನಗಳು ನೆಮ್ಮದಿಯಾಗಿರುವಂತೆ ನೋಡಿಕೊಳ್ಳುವ ಏರ್ಪಾಡು. ಇದು ಬಹುಮಟ್ಟಿಗೆ ನಮ್ಮ ಮನೆಯಲ್ಲೇ ನಡೆಯುತ್ತದೆ.

ಆಧುನಿಕ ಹಾಸ್ಪಿಸ್ ಚಳವಳಿಗೆ ನಾಂದಿ ಹಾಡಿದವರು ಇಂಗ್ಲೆಂಡಿನ ಡಾ. ಸಿಸಿಲಿ ಸಾಂಡರ್ಸ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಂಬುದು ಅವರ ಮುಖ್ಯ ವಿಚಾರ. ಅಮೆರಿಕದಲ್ಲಿ 1974ರಲ್ಲಿ ಕನೆಕ್ಟಿಕಟ್ ಹಾಸ್ಪಿಸ್ ಆರಂಭವಾಯಿತು. 1982ರಲ್ಲಿ ಕಾಂಗ್ರೆಸ್ಸು ಹಾಸ್ಪಿಸ್ ಸೇವೆಯನ್ನು ಮೆಡಿಕೇರ್ ವ್ಯಾಪ್ತಿಗೆ ತಂದಿತು.

ಕಾಯಿಲೆ ತನ್ನ ಸಹಜ ಗತಿಯಲ್ಲಿ ಸಾಗಿದರೆ ಆಯಸ್ಸು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಎಂದು ಆರಂಭದಲ್ಲಿ ಸಾಮಾನ್ಯವಾಗಿ ಇಬ್ಬರು ಡಾಕ್ಟರು ಬರೆದುಕೊಟ್ಟರೆ ಹಾಸ್ಪಿಸ್ ಸಿಗುತ್ತದೆ. ಹಾಗೆಂದು ಆರು ತಿಂಗಳಾದ ಮೇಲೆ ಕೈಬಿಡುವುದಿಲ್ಲ. ಮೊದಲು 90 ದಿನ, ಮತ್ತೆ 90 ದಿನ, ಆಮೇಲೆ ಅರ್ಹತೆ ಇರುವವರೆಗೆ 60 ದಿನಗಳಂತೆ ಎಷ್ಟು ಸಲವಾದರೂ ಮುಂದುವರಿಯುತ್ತದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೊರಬರಬಹುದು, ಅರ್ಹತೆ ಇದ್ದರೆ ಮತ್ತೆ ಸೇರಬಹುದು. ನರ್ಸ್, ಸ್ನಾನಕ್ಕೆ ನೆರವಾಗುವ ಏಡ್, ಸೋಷಿಯಲ್ ವರ್ಕರ್, ಧರ್ಮಗುರು ಇವರೆಲ್ಲ ಮನೆಗೆ ಬರುತ್ತಾರೆ. ಆಸ್ಪತ್ರೆ ಮಂಚ, ಆಕ್ಸಿಜನ್, ಆ ಕಾಯಿಲೆಯ ಔಷಧಿ ಮನೆ ಬಾಗಿಲಿಗೇ ಬರುತ್ತವೆ. ಆರೈಕೆ ಮಾಡುವ ಮನೆಯವರು ಬಳಲಿದಾಗ, ರೋಗಿಯನ್ನು ಒಂದು ಸಲಕ್ಕೆ ಐದು ದಿನದವರೆಗೆ ಬೇರೆಡೆ ಇಟ್ಟು ನೋಡಿಕೊಳ್ಳುವ ಸೌಲಭ್ಯವೂ ಇದೆ.

ಒಂದು ಮಾತು ಸ್ಪಷ್ಟವಾಗಿರಲಿ. ಹಾಸ್ಪಿಸ್ ನರ್ಸ್ ದಿನವಿಡೀ ಮನೆಯಲ್ಲಿ ಕೂರುವುದಿಲ್ಲ. ಫೋನಿಗೆ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತಾರೆ, ವಾರಕ್ಕೆ ಕೆಲವು ಸಲ ಬರುತ್ತಾರೆ. ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು ಎಲ್ಲ ಮನೆಯವರದೇ. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದನ್ನು ಮೊದಲೇ ಲೆಕ್ಕ ಹಾಕಬೇಕು. ಹಾಗೆಯೇ ನ್ಯೂಜೆರ್ಸಿಯಲ್ಲಿ 2019ರ ಆಗಸ್ಟ್‌ನಿಂದ ಜಾರಿಯಲ್ಲಿರುವ, ವೈದ್ಯರ ನೆರವಿನಿಂದ ಪ್ರಾಣ ಬಿಡುವ ಕಾನೂನಿಗೂ ಹಾಸ್ಪಿಸ್‌ಗೂ ಸಂಬಂಧ ಕಲ್ಪಿಸಬಾರದು. ಹಾಸ್ಪಿಸ್ ಸಾವನ್ನು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ.

ಖರ್ಚು ಯಾರದು?

ಇಲ್ಲಿ ದುಡಿದು 10 ವರ್ಷ, ಅಂದರೆ 40 ಕ್ವಾರ್ಟರ್, ತೆರಿಗೆ ಕಟ್ಟಿದವರಿಗೆ 65 ತುಂಬಿದಾಗ ಮೆಡಿಕೇರ್ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಹಾಸ್ಪಿಸ್ ಬರುವುದು ಇದರಡಿಯಲ್ಲೇ. ಕೆಲಸದ ದಾಖಲೆ ಇಲ್ಲದೆ ಗ್ರೀನ್ ಕಾರ್ಡ್ ಮೇಲೆ ಬಂದ ತಂದೆತಾಯಿ, 65 ತುಂಬಿ, ಸತತ ಐದು ವರ್ಷ ಇಲ್ಲಿ ವಾಸವಿದ್ದರೆ ಪ್ರೀಮಿಯಂ ಕಟ್ಟಿ ಸೇರಬಹುದು. ಮೆಡಿಕೇಡ್ ಎರಡೂ ರಾಜ್ಯಗಳಲ್ಲಿ ಹಾಸ್ಪಿಸ್ ವೆಚ್ಚ ಭರಿಸುತ್ತದೆ. ಖಾಸಗಿ ವಿಮೆಗಳಲ್ಲೂ ಹೆಚ್ಚಿನವು ಕೊಡುತ್ತವೆ.

ವಿಸಿಟರ್ ವೀಸಾದ ಮೇಲೆ ಬಂದವರದೇ ಕಷ್ಟ. ಅವರಿಗೆ ಮೆಡಿಕೇರ್ ಇಲ್ಲ. ಟ್ರಾವೆಲ್ ಇನ್ಶೂರೆನ್ಸ್ ಹಳೆಯ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. 1986ರ ಕೇಂದ್ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ಹಣ, ವೀಸಾ ನೋಡದೆ ಪರೀಕ್ಷಿಸಿ ಸ್ಥಿರ ಸ್ಥಿತಿಗೆ ತರಲೇಬೇಕು. ಆದರೆ ಬಿಲ್ ಬಂದೇ ಬರುತ್ತದೆ. ಪಾಲಿಸಿ ಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ: ಹಳೆಯ ಕಾಯಿಲೆ ದಿಢೀರ್ ಉಲ್ಬಣವಾದರೆ ಕೊಡುತ್ತಾರೆಯೇ, ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವ ವೆಚ್ಚ ಸೇರಿದೆಯೇ?

ಸಹಿ ಹಾಕಬೇಕಾದ ಎರಡು ಕಾಗದ

ಮೊದಲನೆಯದು, ತನಗೆ ಮಾತನಾಡಲು ಆಗದಿದ್ದಾಗ ತನ್ನ ಪರವಾಗಿ ತೀರ್ಮಾನ ಮಾಡುವವರನ್ನು ಹೆಸರಿಸುವ ಪತ್ರ. ನ್ಯೂಯಾರ್ಕಿನಲ್ಲಿ ಇದರ ಹೆಸರು ಹೆಲ್ತ್ ಕೇರ್ ಪ್ರಾಕ್ಸಿ. ಲಾಯರ್ ಬೇಡ, ಇಬ್ಬರು ವಯಸ್ಕ ಸಾಕ್ಷಿಗಳು ಸಾಕು. ಹೆಸರಿಸಿದ ವ್ಯಕ್ತಿಯೇ ಸಾಕ್ಷಿಯಾಗುವಂತಿಲ್ಲ. ಕೊಳವೆಯ ಮೂಲಕ ಆಹಾರ, ನೀರು ಕೊಡುವ ವಿಷಯದಲ್ಲಿ ರೋಗಿಯ ಇಚ್ಛೆ ಏನೆಂದು ಪ್ರಾಕ್ಸಿಗೆ ಗೊತ್ತಿರಬೇಕು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಆದ್ದರಿಂದ ಆ ಒಂದು ಸಾಲನ್ನು ಪತ್ರದಲ್ಲೇ ಬರೆದರೆ ಒಳ್ಳೆಯದು. ನ್ಯೂಜೆರ್ಸಿಯಲ್ಲಿ ಇದಕ್ಕೆ ಪ್ರಾಕ್ಸಿ ಡೈರೆಕ್ಟಿವ್ ಎನ್ನುತ್ತಾರೆ. ಇಬ್ಬರು ಸಾಕ್ಷಿಗಳು ಅಥವಾ ನೋಟರಿ ಇದ್ದರಾಯಿತು. 18 ತುಂಬಿದ ಯಾರು ಬೇಕಾದರೂ ಇದನ್ನು ಮಾಡಬಹುದು. ನಾವು ನಲವತ್ತರವರೂ ಮಾಡಿಡಬೇಕು.

ಎರಡನೆಯದು, ಡಾಕ್ಟರ ಅಥವಾ ನರ್ಸ್ ಪ್ರಾಕ್ಟಿಷನರ್ ಅವರ ಸಹಿ ಇರುವ ವೈದ್ಯಕೀಯ ಆದೇಶ. ನ್ಯೂಜೆರ್ಸಿಯಲ್ಲಿ ಇದು ‘ಪೋಲ್ಸ್ಟ್’ (2011ರ ಕಾನೂನು), ನ್ಯೂಯಾರ್ಕಿನಲ್ಲಿ ‘ಮೋಲ್ಸ್ಟ್’. ಗಂಭೀರ ಕಾಯಿಲೆ ಇರುವವರಿಗೆ, ತೀರಾ ಹಣ್ಣಾದವರಿಗೆ ಮಾತ್ರ ಇದು ಅನ್ವಯ. ಎದೆ ಒತ್ತಬೇಕೆ, ವೆಂಟಿಲೇಟರ್ ಹಾಕಬೇಕೆ, ಆಸ್ಪತ್ರೆಗೆ ಒಯ್ಯಬೇಕೆ ಎಂಬುದಕ್ಕೆ ಉತ್ತರ ಇದರಲ್ಲಿರುತ್ತದೆ. ಆಂಬುಲೆನ್ಸಿನವರು ಪಾಲಿಸುವುದು ಈ ಕಾಗದವನ್ನೇ. ಬ್ಯಾಂಕ್ ಲಾಕರಿನಲ್ಲಿಟ್ಟರೆ ಪ್ರಯೋಜನವಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಬೇಕು.

ಪ್ರಾಕ್ಸಿ ಇಲ್ಲದಿದ್ದರೆ? ನ್ಯೂಯಾರ್ಕಿನಲ್ಲಿ 2010ರ ಕಾನೂನು ಒಂದು ಕ್ರಮ ಹೇಳುತ್ತದೆ: ಕೋರ್ಟ್ ನೇಮಿಸಿದ ಗಾರ್ಡಿಯನ್ ಇದ್ದರೆ ಅವರು, ಇಲ್ಲದಿದ್ದರೆ ಗಂಡ ಅಥವಾ ಹೆಂಡತಿ, ಆಮೇಲೆ ವಯಸ್ಕ ಮಕ್ಕಳು, ಹೀಗೆ. ನಮ್ಮ ಮನೆಗಳಲ್ಲಿ ತೀರ್ಮಾನ ಒಬ್ಬರದಲ್ಲ. ಮೈಸೂರಿನ ದೊಡ್ಡಪ್ಪ, ಹುಬ್ಬಳ್ಳಿಯ ಅತ್ತೆ, ಕ್ಯಾಲಿಫೋರ್ನಿಯಾದ ತಮ್ಮ ಎಲ್ಲರೂ ಮಾತನಾಡುತ್ತಾರೆ. ಅದು ತಪ್ಪಲ್ಲ, ಅದೇ ನಮ್ಮ ಬಲ. ಆದರೆ ಡಾಕ್ಟರ ಮುಂದೆ ನಿಲ್ಲುವ ದನಿ ಒಂದೇ ಇರಲಿ. ಪ್ರಾಕ್ಸಿ ಪತ್ರದ ಕೆಲಸ ಅಷ್ಟೇ.

“ಅಪ್ಪನಿಗೆ ಹೇಳಬೇಡಿ”

ಕ್ಯಾನ್ಸರ್ ಎಂಬ ಸುದ್ದಿಯನ್ನು ಮಗನ ಕಿವಿಗೆ ಮಾತ್ರ ಹಾಕುವುದು ನಮ್ಮ ಊರಿನ ಪದ್ಧತಿ. ಇಲ್ಲಿನ ಡಾಕ್ಟರು ರೋಗಿಗೇ ನೇರವಾಗಿ ಹೇಳುತ್ತಾರೆ. ನ್ಯೂಯಾರ್ಕಿನಲ್ಲಂತೂ 2011ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಕೊನೆ ಹಂತದ ರೋಗಿಗಳಿಗೆ ಪ್ಯಾಲಿಯೇಟಿವ್ ಕೇರ್ ಬಗ್ಗೆ ಮಾಹಿತಿ ಕೊಡಲು ವೈದ್ಯರು ಮುಂದಾಗಲೇಬೇಕು. ಮನೆಯವರಿಗೆ ಇದು ಕಲ್ಲೆದೆಯ ನಡವಳಿಕೆಯಾಗಿ ಕಾಣುತ್ತದೆ. ಮುಚ್ಚಿಡುವವರು ಡಾಕ್ಟರಿಗೆ ವಿಚಿತ್ರವಾಗಿ ಕಾಣುತ್ತಾರೆ.

ಇದಕ್ಕೆ ನಡುದಾರಿ ಇದೆ. ರೋಗಿಯನ್ನೇ ಮೊದಲು ಕೇಳಿ ಎಂದು ಡಾಕ್ಟರಿಗೆ ಹೇಳಬಹುದು: “ನಿಮ್ಮ ಕಾಯಿಲೆಯ ವಿವರ ನಿಮಗೇ ಹೇಳಲೇ, ಅಥವಾ ಮಗನಿಗೆ ಹೇಳಿದರೆ ಸಾಕೇ?” ತಿಳಿಯುವುದು ಹೇಗೆ ರೋಗಿಯ ಹಕ್ಕೋ, ತಿಳಿಯದಿರುವುದೂ ಹಾಗೆಯೇ ರೋಗಿಯ ಹಕ್ಕು. “ಎಲ್ಲ ನನ್ನ ಮಗಳಿಗೆ ಹೇಳಿ” ಎಂದು ತಾಯಿ ಹೇಳಿದರೆ ಅದನ್ನು ಚಾರ್ಟಿನಲ್ಲಿ ಬರೆಸಿಬಿಡಿ. ಇನ್ನು “ನನಗೆ ಗೊತ್ತು ಮಾರಾಯಾ, ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ” ಎನ್ನುವ ಹಿರಿಯರೂ ಕಡಿಮೆಯಿಲ್ಲ!

ಕನ್ನಡದಲ್ಲಿ ನೋವು ಹೇಳಿಕೊಳ್ಳುವ ಹಕ್ಕು

ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂದು ನರ್ಸ್ ಕೇಳಿದರೆ ನಮ್ಮ ಅಜ್ಜಿ “ಸಂಕಟ ಆಗ್ತಿದೆ” ಎನ್ನುತ್ತಾರೆ. ಸಂಕಟ ಎಂದರೆ ವಾಕರಿಕೆಯೋ, ಉಸಿರಾಟದ ತೊಂದರೆಯೋ, ಮನಸ್ಸಿನ ತಳಮಳವೋ? ಉರಿ, ಸೆಳೆತ, ಚುಚ್ಚು, ಜೋಮು, ಎದೆಭಾರ, ಇವು ಒಂದೊಂದಕ್ಕೂ ಔಷಧಿ ಬೇರೆ. ಡಿಮೆನ್ಷಿಯಾ ಬಂದವರಲ್ಲಿ ಕಲಿತ ಇಂಗ್ಲಿಷ್ ಮೊದಲು ಮರೆತು ತಾಯಿನುಡಿ ಉಳಿಯುವುದುಂಟು. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದವರೂ ಕೊನೆಗೆ ಕನ್ನಡದಲ್ಲೇ ನೀರು ಕೇಳಬಹುದು.

1964ರ ಸಿವಿಲ್ ರೈಟ್ಸ್ ಕಾನೂನು ಮತ್ತು 2010ರ ಅಫೋರ್ಡಬಲ್ ಕೇರ್ ಕಾನೂನಿನಂತೆ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಹಾಸ್ಪಿಸ್‌ಗಳು ದುಭಾಷಿಯ ನೆರವನ್ನು ಉಚಿತವಾಗಿ ಒದಗಿಸಬೇಕು. ಫೋನ್ ಅಥವಾ ವಿಡಿಯೋ ಮೂಲಕವಾದರೂ ಸರಿ. ‘ಇಂಡಿಯನ್’ ಎಂದು ಬರೆಸಿದರೆ ಹಿಂದಿಯವರು ಬಂದಾರು. ‘ಕನ್ನಡ’ ಎಂದರೆ ಕೆನಡಾ ಎಂದು ಕೇಳಿಸೀತು! ಕಾಗುಣಿತ ಹೇಳಿ ಬರೆಸಿ. ತುರ್ತು ಸಂದರ್ಭದಲ್ಲಿ ಬಿಟ್ಟರೆ ಮೊಮ್ಮಕ್ಕಳನ್ನು ದುಭಾಷಿ ಮಾಡಬಾರದು. ಅಜ್ಜನ ಆಯಸ್ಸು ಇಷ್ಟೇ ಎಂಬ ಮಾತನ್ನು ಹದಿನಾಲ್ಕರ ಹುಡುಗಿಯ ಬಾಯಲ್ಲಿ ಹೇಳಿಸುವುದು ಯಾರಿಗೂ ಒಳಿತಲ್ಲ.

ಅನ್ನ ಮತ್ತು ಮಾರ್ಫಿನ್

ನಮ್ಮವರ ಎರಡು ದೊಡ್ಡ ಭಯಗಳಿವು. “ಊಟ ಕೊಡದೆ ಸಾಯಿಸುವುದೇ?” ಎಂಬುದು ಮೊದಲನೆಯದು. ಅನ್ನ ಹಾಕುವುದೇ ಪ್ರೀತಿ ಎಂದು ಬೆಳೆದ ನಮಗೆ ಈ ಪ್ರಶ್ನೆ ಸಹಜ. ಆದರೆ ಕೊನೆಯ ದಿನಗಳಲ್ಲಿ ದೇಹಕ್ಕೆ ಹಸಿವು, ಬಾಯಾರಿಕೆ ತಾನಾಗಿಯೇ ಇಳಿಯುತ್ತವೆ. ನುಂಗುವ ಶಕ್ತಿ ಕುಗ್ಗಿದಾಗ ಬಲವಂತವಾಗಿ ಹಾಕಿದ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಊಟ ನಿಂತದ್ದರಿಂದ ಸಾವು ಬರುತ್ತಿರುವುದಲ್ಲ, ಸಾವು ಹತ್ತಿರವಾದ್ದರಿಂದ ಊಟ ನಿಂತಿದೆ. ಕೇಳಿದರೆ ಒಂದು ಚಮಚ ಪಾಯಸ, ಮಜ್ಜಿಗೆ ಕೊಡಬಹುದು. ಕೇಳದಿದ್ದರೆ ತುಟಿ ಒದ್ದೆ ಮಾಡಿ, ಕಾಲು ಒತ್ತಿ, ಕೈ ಹಿಡಿದು ಕೂತರೆ ಅದೇ ಸೇವೆ.

ಮಾರ್ಫಿನ್ ಎಂದರೆ ‘ಅಮಲು’, ‘ಕೊನೆಯ ಇಂಜೆಕ್ಷನ್’ ಎಂಬುದು ಎರಡನೆಯ ಭಯ. ಇದಕ್ಕೊಂದು ಚರಿತ್ರೆಯಿದೆ. ಭಾರತದಲ್ಲಿ 1985ರ ಮಾದಕವಸ್ತು ಕಾನೂನಿನ ಲೈಸೆನ್ಸ್ ಕಾಟದಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಆಗುವ ತನಕ ಒಂದು ತಲೆಮಾರು ಕ್ಯಾನ್ಸರ್ ನೋವನ್ನು ಹಲ್ಲು ಕಚ್ಚಿ ಅನುಭವಿಸಿತು. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ನೋವು, ಉಬ್ಬಸ ಎರಡನ್ನೂ ತಗ್ಗಿಸುತ್ತದೆ, ಪ್ರಾಣ ತೆಗೆಯುವುದಿಲ್ಲ. ಕೆಲವು ಹಿರಿಯರು ನೋವು ಕರ್ಮಫಲ, ಅನುಭವಿಸಿ ತೀರಿಸಬೇಕು ಎಂದು ನಂಬುತ್ತಾರೆ. ಇನ್ನು ಕೆಲವರು ನಾಮಸ್ಮರಣೆಗೆ ಎಚ್ಚರ ಬೇಕು ಎಂದು ಔಷಧಿ ಬೇಡವೆನ್ನುತ್ತಾರೆ. ಇದನ್ನು ಮರೆಮಾಚದೆ ನರ್ಸಿಗೆ ಹೇಳಿ. ಪೂಜೆಯ ಹೊತ್ತಿಗೆ ಎಚ್ಚರವಿರುವಂತೆ ಪ್ರಮಾಣ, ಸಮಯ ಹೊಂದಿಸಲು ಎಷ್ಟೋ ವೇಳೆ ಸಾಧ್ಯ.

ಒಂದೊಂದು ಮನೆಗೂ ಒಂದೊಂದು ರೀತಿ

‘ಕನ್ನಡಿಗರ ಪದ್ಧತಿ’ ಎಂಬುದು ಒಂದೇ ಅಲ್ಲ. ಕೆಲವು ಮನೆಗಳಲ್ಲಿ ಬಾಯಿಗೆ ಗಂಗಾಜಲ, ತುಳಸಿ ಬಿಡಬೇಕು, ನೆಲದ ಮೇಲೆ ಮಲಗಿಸಬೇಕು, ವಿಷ್ಣು ಸಹಸ್ರನಾಮ ಕೇಳಿಸಬೇಕು. ಗಂಗಾಜಲವನ್ನು ಸ್ಪಂಜಿನ ಕಡ್ಡಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರೆ ಉಸಿರುಗಟ್ಟುವ ಭಯವಿಲ್ಲ. ಆಕ್ಸಿಜನ್ ಇರುವ ಕೋಣೆಯಲ್ಲಿ ಎಣ್ಣೆದೀಪ, ಊದುಬತ್ತಿ, ಕರ್ಪೂರ ಬೇಡವೇ ಬೇಡ. ಬೆಂಕಿ ಹತ್ತುತ್ತದೆ. ಅಲ್ಲಿ ಬ್ಯಾಟರಿ ದೀಪವಿರಲಿ, ನಂದಾದೀಪ ದೇವರ ಕೋಣೆಯಲ್ಲಿ ಉರಿಯಲಿ.

ಲಿಂಗಾಯತ ಮನೆಗಳಲ್ಲಿ ಕೊರಳಿನ ಇಷ್ಟಲಿಂಗವನ್ನು ಸ್ಕ್ಯಾನ್‌ಗೆಂದು ಯಾರೂ ಕೇಳದೆ ತೆಗೆಯಬಾರದು. ಕುಳ್ಳಿರಿಸಿ ಸಮಾಧಿ ಮಾಡುವುದು ಸಂಪ್ರದಾಯ. ಇಲ್ಲಿನ ಸ್ಮಶಾನಗಳ ನಿಯಮಗಳೋ ಮಲಗಿಸಿ ಹೂಳುವುದಕ್ಕೆ ಹೊಂದಿಕೊಂಡವು. ಅದಕ್ಕೆ ಏನು ಮಾಡಬೇಕೆಂದು ಹಿರಿಯರನ್ನೇ ಮೊದಲು ಕೇಳಿಟ್ಟುಕೊಳ್ಳಬೇಕು. ಮಂಗಳೂರಿನ ಕ್ಯಾಥೊಲಿಕ್ ಮನೆಯವರು ರೋಗಿಗೆ ಎಚ್ಚರವಿರುವಾಗಲೇ ಪಾದ್ರಿಗಳನ್ನು ಕರೆಸಿ ರೋಗಿಗಳ ಅಭ್ಯಂಗದ ಸಂಸ್ಕಾರ ಮಾಡಿಸುತ್ತಾರೆ. ಬ್ಯಾರಿ, ನವಾಯತ ಮುಸ್ಲಿಮರಿಗೆ ಕಿಬ್ಲಾ ದಿಕ್ಕಿಗೆ ಮುಖ, ಕಲಿಮಾ, ಶಾಸ್ತ್ರೋಕ್ತ ಸ್ನಾನ, ಆದಷ್ಟು ಬೇಗ ದಫನ್ ಮುಖ್ಯ. ಜೈನರಲ್ಲಿ ಸಲ್ಲೇಖನವಿದೆ. ಶ್ರವಣಬೆಳಗೊಳದ ಶಾಸನಗಳೇ ಅದಕ್ಕೆ ಸಾಕ್ಷಿ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದಾಗ ಸುಪ್ರೀಂ ಕೋರ್ಟ್ ಅದೇ ತಿಂಗಳು ಆ ತೀರ್ಪಿಗೆ ತಡೆ ಕೊಟ್ಟಿತು. ಭಾರತದಲ್ಲೇ ಇಷ್ಟು ಗೊಂದಲವಿರುವಾಗ, ಇಲ್ಲಿನ ಡಾಕ್ಟರಿಗೆ ಇದು ಆತ್ಮಹತ್ಯೆಯ ಯತ್ನವಲ್ಲ, ವ್ರತ ಎಂದು ಮುಂಚೆಯೇ ಬರೆದು ತಿಳಿಸುವುದು ಕ್ಷೇಮ.

ಇದನ್ನೆಲ್ಲ ಕೇಳಲು ಸಂಕೋಚ ಬೇಡ. ನಮಗಿಂತ ಮುಂಚೆ ಬಂದವರು ಕೇಳಿ ಪಡೆದಿದ್ದಾರೆ. ಮಿದುಳಿನ ಸಾವನ್ನು ಧರ್ಮದ ಕಾರಣಕ್ಕೆ ಒಪ್ಪದವರಿಗೆ ನ್ಯೂಜೆರ್ಸಿ 1991ರ ಕಾನೂನಿನಲ್ಲೇ ವಿನಾಯಿತಿ ಕೊಟ್ಟಿದೆ. ನ್ಯೂಯಾರ್ಕಿನ ಎಂ.ಜೆ.ಎಚ್.ಎಸ್. ಹಾಸ್ಪಿಸ್‌ನಲ್ಲಿ ಯಹೂದ್ಯ ಧರ್ಮಶಾಸ್ತ್ರಕ್ಕೆ ಅನುಗುಣವಾದ ಆರೈಕೆಯ ಏರ್ಪಾಡು ಇದೆ. ಹೆಂಗಸರ ಸ್ನಾನಕ್ಕೆ ಹೆಂಗಸೇ ಬರಲಿ, ಕ್ಯಾಪ್ಸೂಲಿನಲ್ಲಿ ಪ್ರಾಣಿಜನ್ಯ ಜೆಲಟಿನ್ ಬೇಡ, ತಾಳಿ, ಜನಿವಾರ ಕತ್ತರಿಸಬೇಡಿ ಎಂಬ ನಮ್ಮ ಕೋರಿಕೆಗಳು ಅವುಗಳ ಮುಂದೆ ಬಲು ಸಣ್ಣವು.

ಉಸಿರು ನಿಂತ ಮೇಲೆ

ಹಾಸ್ಪಿಸ್‌ನಲ್ಲಿದ್ದವರು ಮನೆಯಲ್ಲಿ ತೀರಿಕೊಂಡರೆ 911ಕ್ಕಲ್ಲ, ಹಾಸ್ಪಿಸ್ ನಂಬರಿಗೆ ಫೋನ್ ಮಾಡಬೇಕು. ಮುಂದಿನದನ್ನು ಅವರು ಹೇಳಿಕೊಡುತ್ತಾರೆ. ಎರಡೂ ರಾಜ್ಯಗಳಲ್ಲಿ ಅಂತ್ಯಕ್ರಿಯೆಗೆ ಲೈಸೆನ್ಸ್ ಇರುವ ಫ್ಯೂನರಲ್ ಡೈರೆಕ್ಟರ್ ಬೇಕೇ ಬೇಕು. 1984ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದಂತೆ ಅವರು ಬಿಡಿ ಬಿಡಿ ದರಪಟ್ಟಿ ಕೊಡಬೇಕು. ದಹನಕ್ಕೆ ಎಂಬಾಮಿಂಗ್ ಸಾಮಾನ್ಯವಾಗಿ ಕಡ್ಡಾಯವಲ್ಲ. ನ್ಯೂಜೆರ್ಸಿಯಲ್ಲಿ ಸಾವಿನ ನಂತರ 24 ಗಂಟೆ ಕಳೆಯದೆ ದಹನ ಮಾಡುವಂತಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ, ತೆಗೆಸಬೇಕು. ಮಗನೇ ಬಟನ್ ಒತ್ತಬಹುದೇ, ಎಷ್ಟು ಜನ ಒಳಗೆ ಬರಬಹುದು, ತುಪ್ಪ, ತೆಂಗಿನಕಾಯಿ ಇಡಬಹುದೇ ಎಂದೂ ಕೇಳಿಟ್ಟುಕೊಳ್ಳಿ. ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವುದಾದರೆ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟನ್ನು ಸಂಪರ್ಕಿಸಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ಪಾಸ್‌ಪೋರ್ಟ್, ಎಂಬಾಮಿಂಗ್ ಪ್ರಮಾಣಪತ್ರ ಬೇಕು.

ಒಂದು ಸಾಮ್ಯ ನಮ್ಮ ಗಮನ ಸೆಳೆಯಿತು. ನಮ್ಮಲ್ಲಿ ಅನೇಕರು ಮಾಸಿಕಗಳನ್ನು ಮಾಡುತ್ತಾ ವರ್ಷಾಬ್ದಿಕದವರೆಗೆ ದುಃಖಕ್ಕೆ ಜಾಗ ಕೊಡುತ್ತೇವೆ. ಮೆಡಿಕೇರ್ ಹಾಸ್ಪಿಸ್ ಕೂಡ ಸಾವಿನ ನಂತರ ಒಂದು ವರ್ಷದವರೆಗೆ ಮನೆಯವರಿಗೆ ಸಾಂತ್ವನದ ಸೇವೆ ಒದಗಿಸುತ್ತದೆ. ಇದನ್ನು ‘ಬೇಡ’ ಎಂದು ತಳ್ಳಿಹಾಕದೆ ಬಳಸಿಕೊಳ್ಳಬೇಕು, ಅದರಲ್ಲೂ ಡ್ರೈವಿಂಗ್ ಬಾರದ, ಹಗಲೆಲ್ಲ ಮನೆಯಲ್ಲಿ ಒಬ್ಬರೇ ಉಳಿಯುವ ತಾಯಂದಿರಿಗಾಗಿ.

ಊರಿನಲ್ಲಿ ಇರುವವರಿಗೆ

ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ, ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಲಿವಿಂಗ್ ವಿಲ್ ಅನ್ನು ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. ಭಾನುವಾರ ಬೆಳಗಿನ ವಿಡಿಯೋ ಕಾಲ್‌ನಲ್ಲಿ ಊಟ ಆಯ್ತಾ, ಮಳೆ ಬಂತಾ ಎಂದು ಕೇಳುವ ನಾವು ಇದನ್ನೂ ಒಮ್ಮೆ ಕೇಳಬಹುದು.

ನಾವೇನು ಮಾಡಬಹುದು?

ಮೆಡಿಕೇರ್ ಮಾನ್ಯತೆ ಪಡೆದ ಹಾಸ್ಪಿಸ್‌ಗಳು ರೋಗಿಗಳ ಆರೈಕೆಯ ಒಟ್ಟು ಗಂಟೆಗಳ ಕನಿಷ್ಠ ಶೇಕಡಾ 5ರಷ್ಟು ಸ್ವಯಂಸೇವಕರ ದುಡಿಮೆಯನ್ನು ಬಳಸಲೇಬೇಕು ಎಂಬ ನಿಯಮವಿದೆ. ಅಂದರೆ ಅವರಿಗೆ ಜನ ಬೇಕು. ತರಬೇತಿಯನ್ನು ಅವರೇ ಕೊಡುತ್ತಾರೆ. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಂಡು ಎಡಿಸನ್‌ನಲ್ಲೋ ಕ್ವೀನ್ಸ್‌ನಲ್ಲೋ ಒಬ್ಬ ಹಿರಿಯರ ಪಕ್ಕ ಕುಳಿತು ಕನ್ನಡದಲ್ಲಿ ಮಾತನಾಡುವುದು, ಪೇಪರ್ ಓದಿ ಹೇಳುವುದು, ದೇವರನಾಮವನ್ನೋ ವಚನವನ್ನೋ ಹಾಡುವುದು ಯಾವ ದುಭಾಷಿ ಯಂತ್ರದಿಂದಲೂ ಆಗದ ಕೆಲಸ.

ಅದಕ್ಕೂ ಮೊದಲು ಮನೆಯೊಳಗಿನ ಕೆಲಸವಿದೆ. ಈ ಸಂಚಿಕೆ ಕೈಗೆ ಬಂದ ವಾರ, ಊಟವಾದ ಮೇಲೆ ಟಿವಿ ಆರಿಸಿ ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ಪರವಾಗಿ ಯಾರು ಮಾತನಾಡಬೇಕು? ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು? ಕೊನೆಯ ದಿನಗಳನ್ನು ಎಲ್ಲಿ ಕಳೆಯುವ ಆಸೆ? ಯಾವ ಶಾಸ್ತ್ರ ಬಿಡಲೇಬಾರದು? ಮೊದಲು ನಿಮ್ಮ ಉತ್ತರವನ್ನೇ ಹೇಳಿ, ಆಗ ಹಿರಿಯರಿಗೂ ಮಾತು ಬರುತ್ತದೆ. “ಬಿಡ್ತು ಅನ್ನು” ಎಂದರೆ ಒಪ್ಪಿ “ಬಿಡ್ತು” ಎನ್ನಿ. ಆಮೇಲೆ ಪ್ರಶ್ನೆಯನ್ನು ಮತ್ತೆ ಕೇಳಿ.